ಹಂಡೆಯಲ್ಲಿ ಬೇಯುವ ಅಡಿಕೆ, ಬಿಗಿಯುವ ಬಾಯಿ: ಆಕ್ಸಿಜನ್ ಬಳಸುವ ಕಿಣ್ವಗಳ ಕಥೆ

ಹಸಿ ಅಡಿಕೆಯನ್ನು ಸೀಳಿ ಹಾಗೇ ಇಟ್ಟು ನೋಡಿ. ಬೆಳ್ಳಗಿದ್ದ ತಿರುಳು ಸ್ವಲ್ಪ ಹೊತ್ತಿಗೆಲ್ಲ ಕಂದು ತಿರುಗುತ್ತೆ. ಬದನೆಕಾಯಿ, ಬಾಳೆಕಾಯಿ, ಸೇಬು ಹೆಚ್ಚಿಟ್ಟರೂ ಅಷ್ಟೇ. "ಗಾಳಿ ತಾಗಿ ಕಪ್ಪಾಯ್ತು" ಅಂತ ಮನೆಯಲ್ಲಿ ಹೇಳ್ತಾರೆ. ಮಾತು ಅರ್ಧ ಸರಿ. ಬರೀ ಗಾಳಿಯ ಕೆಲಸವೇ ಆಗಿದ್ದರೆ ಕುದಿಯುವ ನೀರಲ್ಲಿ ಅದ್ದಿ ತೆಗೆದ ಸೇಬಿನ ಹೋಳೂ ಅಷ್ಟೇ ಬೇಗ ಕಪ್ಪಾಗಬೇಕಿತ್ತು. ಆಗಲ್ಲ. ಅಂದರೆ ಗಾಳಿಯನ್ನು ಹಿಡಿದು ಕೆಲಸ ಮಾಡಿಸುವ ಇನ್ನೊಬ್ಬರು ಒಳಗಿದ್ದಾರೆ, ಬಿಸಿ ತಾಗಿದರೆ ಅವರು ಕೆಲಸ ನಿಲ್ಲಿಸ್ತಾರೆ ಅಂತಾಯ್ತು. ಅವರೇ ಆಕ್ಸಿಜನ್ ಬಳಸುವ ಕಿಣ್ವಗಳು.

ಈ ಕಿಣ್ವಗಳ ಕಥೆ ಹೇಳೋಕೆ ದಾವಣಗೆರೆ ಜಿಲ್ಲೆಗಿಂತ ಒಳ್ಳೆ ಜಾಗ ಬೇಕಿಲ್ಲ. 1997ರಲ್ಲಿ ಜಿಲ್ಲೆ ಆದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು. ಚಿತ್ರದುರ್ಗದಿಂದ ಜಗಳೂರು ಬಂತು. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯ್ತು. ಒಂದು ತುದಿಯಲ್ಲಿ ಅಡಿಕೆ ತೋಟ, ನಡುವೆ ತುಂಗಭದ್ರೆಯ ದಡದ ಭತ್ತದ ಗದ್ದೆ, ಇನ್ನೊಂದು ತುದಿಯಲ್ಲಿ ಮಳೆ ನಂಬಿದ ಮೆಕ್ಕೆಜೋಳದ ಹೊಲ. ಮೂರು ಕಡೆಯೂ ಗಾಳಿ ಒಂದೇ. ಅದನ್ನು ಬಳಸುವ ಕಿಣ್ವಗಳು ಮಾತ್ರ ಬೇರೆ ಬೇರೆ.

ಆಕ್ಸಿಜನ್ ಯಾಕೆ ಸುಮ್ಮನಿದೆ?

ಗಾಳಿಯಲ್ಲಿ ಶೇ 21ರಷ್ಟು ಆಕ್ಸಿಜನ್ ಇದೆ. ನಮ್ಮ ಬಟ್ಟೆ, ಕಟ್ಟಿಗೆ, ಕಾಗದ, ನಮ್ಮ ಮೈ ಎಲ್ಲವೂ ಸುಡುವಂಥವೇ. ಆದರೂ ನಾವು ಹೊತ್ತಿ ಉರಿಯದೆ ಆರಾಮಾಗಿ ಓಡಾಡ್ತೀವಿ. ಕಾರಣ ಆಕ್ಸಿಜನ್ ಅಣುವಿನ ಒಂದು ವಿಚಿತ್ರ ಗುಣ. ಅದರಲ್ಲಿ ಎರಡು ಎಲೆಕ್ಟ್ರಾನ್‌ಗಳು ಜೋಡಿಯಾಗದೆ ಒಂಟಿಯಾಗಿವೆ, ಎರಡರ ತಿರುಗಣೆಯೂ ಒಂದೇ ದಿಕ್ಕಿಗೆ. ಇದೇ ಕಾರಣಕ್ಕೆ ದ್ರವ ಆಕ್ಸಿಜನ್ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತೆ. ನಮ್ಮ ದೇಹದ, ಗಿಡದ ಅಣುಗಳಲ್ಲಿ ಹೆಚ್ಚಿನವುಗಳ ಎಲೆಕ್ಟ್ರಾನ್‌ಗಳು ಜೋಡಿ ಜೋಡಿಯಾಗಿ, ವಿರುದ್ಧ ದಿಕ್ಕಿಗೆ ತಿರುಗ್ತಾ ಇರುತ್ತವೆ. ಇಂಥ ಜೋಡಿಯೊಂದು ನೇರವಾಗಿ ಹೋಗಿ ಆಕ್ಸಿಜನ್ ಜತೆ ಸೇರೋಕೆ ಕ್ವಾಂಟಮ್ ನಿಯಮ ಸುಲಭಕ್ಕೆ ಬಿಡಲ್ಲ.

ಈ ತಡೆಯನ್ನು ದಾಟೋಕೆ ಎರಡು ದಾರಿ. ಒಂದು, ಬೆಂಕಿಕಡ್ಡಿ ಗೀರಿ ಬಿಸಿ ಕೊಡೋದು. ಇನ್ನೊಂದು, ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ದಾಟಿಸಬಲ್ಲ ಮಧ್ಯವರ್ತಿಯನ್ನು ಇಟ್ಟುಕೊಳ್ಳೋದು. ತಾಮ್ರ ಮತ್ತು ಕಬ್ಬಿಣ ಈ ಕೆಲಸದಲ್ಲಿ ಪಳಗಿದ ಲೋಹಗಳು. ಆಕ್ಸಿಜನ್ ಬಳಸುವ ಬಹುಪಾಲು ಕಿಣ್ವಗಳ ಎದೆಯಲ್ಲಿ ಇವೆರಡರಲ್ಲಿ ಒಂದು ಇದ್ದೇ ಇರುತ್ತೆ.

ಅಡಿಕೆಯೊಳಗಿನ ತಾಮ್ರ

ಹಸಿ ಅಡಿಕೆ, ಬದನೆ, ಬಾಳೆ, ಸೇಬು ಎಲ್ಲದರಲ್ಲೂ ಕಂದು ಬಣ್ಣ ತರೋದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಇದರ ನಡುವೆ ಎರಡು ತಾಮ್ರದ ಪರಮಾಣುಗಳು ಪಕ್ಕಪಕ್ಕ ಕೂತಿವೆ. ಒಂದೊಂದನ್ನೂ ಹಿಸ್ಟಿಡಿನ್ ಎಂಬ ಮೂರು ಮೂರು ಅಮೈನೋ ಆಮ್ಲಗಳು ಹಿಡಿದುಕೊಂಡಿವೆ. 1998ರಲ್ಲಿ ಗೆಣಸಿನಿಂದ ತೆಗೆದ ಇಂಥದೊಂದು ಕಿಣ್ವದ ರಚನೆಯನ್ನು ವಿಜ್ಞಾನಿಗಳು ಪರಮಾಣು ಮಟ್ಟದಲ್ಲಿ ನೋಡಿದರು. ಆಕ್ಸಿಜನ್ ಅಣು ಬಂದು ಈ ಎರಡು ತಾಮ್ರಗಳ ಮಧ್ಯೆ ಸೇತುವೆ ಹಾಗೆ ಮಲಗುತ್ತೆ. ಆಗ ಅದರ ಸೋಮಾರಿತನ ಹೋಗುತ್ತೆ.

ಹಾಗಂತ ಸಿಕ್ಕಿದ್ದನ್ನೆಲ್ಲ ಇದು ಉತ್ಕರ್ಷಿಸಲ್ಲ. ತಾಮ್ರದ ಬಳಿ ಹೋಗೋ ದಾರಿ ಇಕ್ಕಟ್ಟು. ಚಪ್ಪಟೆಯಾದ ಫಿನಾಲ್ ಉಂಗುರಗಳಿಗೆ, ಅದರಲ್ಲೂ ಪಕ್ಕಪಕ್ಕ ಎರಡು ಹೈಡ್ರಾಕ್ಸಿಲ್ ಗುಂಪು ಇರುವಂಥವಕ್ಕೆ ಅಲ್ಲಿ ಜಾಗ ಸಿಗುತ್ತೆ. ಸಕ್ಕರೆ ಬಂದರೆ ಕೂರೋಕೆ ಆಗಲ್ಲ. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದರೆ ಒಳಗೆ ಬರೋ ಡೇಟಾದ ಟೈಪ್ ಸರಿಯಿದ್ದರೆ ಮಾತ್ರ ಫಂಕ್ಷನ್ ಓಡುತ್ತೆ. ಸರಿಯಾದ ಅಣು ಕೂತ ಮೇಲೆ ಅದರಿಂದ ಎರಡು ಹೈಡ್ರೋಜನ್ ಕಳಚಿ ಕ್ವಿನೋನ್ ಆಗುತ್ತೆ, ಆಕ್ಸಿಜನ್ ಕೊನೆಗೆ ನೀರಾಗುತ್ತೆ. ಕ್ವಿನೋನ್‌ಗಳು ಒಂದಕ್ಕೊಂದು ಅಂಟಿಕೊಂಡು ಕಂದು ಬಣ್ಣದ ಸರಪಣಿ ಆಗೋಕೆ ಕಿಣ್ವವೇ ಬೇಕಿಲ್ಲ.

ಹಾಗಾದರೆ ಕತ್ತರಿಸೋ ತನಕ ಅಡಿಕೆ ಬೆಳ್ಳಗೆ ಇರೋದು ಹೇಗೆ? ಗಿಡದ ಜೀವಕೋಶದಲ್ಲಿ ಫಿನಾಲ್‌ಗಳು ಒಂದು ಕೋಣೆಯಲ್ಲಿ, ಕಿಣ್ವ ಇನ್ನೊಂದು ಕೋಣೆಯಲ್ಲಿ. ಕತ್ತಿ ತಾಗಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ, ಗಾಳಿಯೂ ನುಗ್ಗುತ್ತೆ. ಬಾಳೆದಿಂಡು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕೋ ನಮ್ಮ ಅಜ್ಜಿಯರ ರೂಢಿಯೂ ಇದನ್ನೇ ತಡೆಯುತ್ತೆ: ಹುಳಿಯಲ್ಲಿ ಕಿಣ್ವ ಮಂಕಾಗುತ್ತೆ, ನೀರೊಳಗೆ ಗಾಳಿಯೂ ಕಡಿಮೆ. ನಿಂಬೆರಸ ಹಿಂಡಿದರೆ ಅದರ ವಿಟಮಿನ್ ಸಿ ಕ್ವಿನೋನನ್ನು ಮತ್ತೆ ಮೊದಲಿನ ರೂಪಕ್ಕೆ ತಿರುಗಿಸುತ್ತೆ.

ಆಕ್ಸಿಜನ್ ಎಲ್ಲಿಗೆ ಹೋಗುತ್ತೆ?

ಬಹಳ ಕಾಲ ವಿಜ್ಞಾನಿಗಳಲ್ಲಿ ಒಂದು ನಂಬಿಕೆ ಇತ್ತು: ಜೀವಿಗಳಲ್ಲಿ ಉತ್ಕರ್ಷಣೆ ಅಂದರೆ ಹೈಡ್ರೋಜನ್ ತೆಗೆಯೋದು ಅಷ್ಟೇ, ಗಾಳಿಯ ಆಕ್ಸಿಜನ್ ನೇರವಾಗಿ ಅಣುವಿಗೆ ಸೇರಲ್ಲ. 1955ರಲ್ಲಿ ಇದು ಮುರಿಯಿತು. ಒಸಾಮು ಹಯಾಯಿಶಿ ಮತ್ತು ಹೋವರ್ಡ್ ಮೇಸನ್ ಅವರ ತಂಡಗಳು ಬೇರೆ ಬೇರೆಯಾಗಿ, ಭಾರವಾದ ಆಕ್ಸಿಜನ್-18 ಬಳಸಿ, ಗಾಳಿಯ ಆಕ್ಸಿಜನ್ ಪರಮಾಣು ಅಣುವಿನೊಳಗೇ ಸೇರುತ್ತೆ ಅಂತ ತೋರಿಸಿದವು. ಮೇಸನ್ ಬಳಸಿದ್ದು ಅಣಬೆಯ ಕಂದು ಕಿಣ್ವ. ನಮ್ಮ ಅಡಿಕೆ ಕಿಣ್ವದ ದಾಯಾದಿ.

ಅಂದಿನಿಂದ ಎರಡು ಗುಂಪು. ಆಕ್ಸಿಜನ್ನಿಗೆ ಎಲೆಕ್ಟ್ರಾನ್ ಒಪ್ಪಿಸಿ ಅದನ್ನು ನೀರು ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಮಾಡುವವು ಆಕ್ಸಿಡೇಸ್‌ಗಳು. ಆಕ್ಸಿಜನ್ನನ್ನೇ ಅಣುವಿಗೆ ಜೋಡಿಸುವವು ಆಕ್ಸಿಜನೇಸ್‌ಗಳು.

ಎರಡನೇ ಗುಂಪಿನಲ್ಲಿ ಚೆನ್ನಾಗಿ ಅಧ್ಯಯನ ಆಗಿರೋದು ಕರ್ಪೂರ ತಿನ್ನುವ ಒಂದು ಬ್ಯಾಕ್ಟೀರಿಯಾದ ಕಿಣ್ವ. ಪಿ450 ಎಂಬ ಕುಟುಂಬಕ್ಕೆ ಸೇರಿದ್ದು, ನಡುವೆ ಕಬ್ಬಿಣ. ಕರ್ಪೂರ ಇಲ್ಲದಾಗ ಕಬ್ಬಿಣದ ಮೇಲೆ ನೀರು ಕೂತಿರುತ್ತೆ. ಕರ್ಪೂರ ಬಂದು ಒಂದು ಟೈರೋಸಿನ್ ಕೈ ಹಿಡಿದು ಸರಿಯಾದ ಭಂಗಿಯಲ್ಲಿ ಕೂತಾಗ ನೀರು ಜಾಗ ಬಿಡುತ್ತೆ. ಆಮೇಲೆಯೇ ಎಲೆಕ್ಟ್ರಾನ್, ಆಮೇಲೆಯೇ ಆಕ್ಸಿಜನ್. ಗಿರಾಕಿ ಬರದೆ ಒಲೆ ಹಚ್ಚಲ್ಲ ಅನ್ನೋ ಹೋಟೆಲ್ ಇದ್ದ ಹಾಗೆ. ಖಾಲಿ ಇದ್ದಾಗ ಆಕ್ಸಿಜನ್ನನ್ನು ಕೆರಳಿಸಿದರೆ ಕಿಣ್ವವೇ ಸುಟ್ಟುಕೊಳ್ಳೋ ಅಪಾಯ ಇದೆ. ಕರ್ಪೂರ ಕೂತಿರೋ ಭಂಗಿಯಿಂದಾಗಿ ಅದರ ಹತ್ತು ಕಾರ್ಬನ್‌ಗಳಲ್ಲಿ ನಿರ್ದಿಷ್ಟವಾದ ಒಂದಕ್ಕೇ ಆಕ್ಸಿಜನ್ ಸೇರುತ್ತೆ. ನಾವು ನುಂಗೋ ಎಷ್ಟೋ ಮಾತ್ರೆಗಳನ್ನು ನಮ್ಮ ಯಕೃತ್ತಿನಲ್ಲಿ ಕರಗಿಸಿ ಹೊರಹಾಕೋಕೆ ನೆರವಾಗೋದೂ ಇದೇ ಪಿ450 ಕುಟುಂಬ.

ಹಂಡೆ ಮತ್ತು ಚೊಗರು

ಚನ್ನಗಿರಿ, ನ್ಯಾಮತಿ ಕಡೆ ಸುಗ್ಗಿ ಬಂತು ಅಂದರೆ ಮನೆ ಮುಂದೆ ಹಸಿ ಅಡಿಕೆ ರಾಶಿ, ಸುಲಿಯೋರ ಕೈಯೆಲ್ಲ ಕಪ್ಪು, ಹಂಡೆಯ ಒಲೆ ಆರೋದೇ ಇಲ್ಲ. ಸುಲಿದ ಅಡಿಕೆಯನ್ನು ಬೇಯಿಸಿ, ಚೊಗರು ಕೊಟ್ಟು, ಬಿಸಿಲಿಗೆ ಹರವಿದರೆ ಕೆಂಪಡಿಕೆ. ಖೇಣಿದಾರರು, ತುಮ್‌ಕೋಸ್‌ನಂಥ ಸಹಕಾರ ಸಂಘ, ಮಂಡಿ ಎಲ್ಲರೂ ನೋಡೋದು ಆ ಬಣ್ಣವನ್ನೇ.

ಬೇಯಿಸಿದಾಗ ಕಿಣ್ವದ ಮಡಿಕೆ ಬಿಚ್ಚಿಹೋಗಿ ತಾಮ್ರ ಕೂತ ಜಾಗ ಕೆಡುತ್ತೆ. ಹತೋಟಿ ಇಲ್ಲದ ಕಂದು ಬಣ್ಣ ಅಲ್ಲಿಗೆ ನಿಲ್ಲುತ್ತೆ. ಎಳೆಯ ಅಡಿಕೆಯಲ್ಲಿ ಹಣ್ಣಡಿಕೆಗಿಂತ ಟ್ಯಾನಿನ್, ಅಂದರೆ ಒಗರು, ಜಾಸ್ತಿ. ಅದರಲ್ಲಿ ಒಂದು ಪಾಲು ನೀರಿಗೆ ಬಿಟ್ಟು ಚೊಗರಾಗುತ್ತೆ, ಬಿಸಿಯಲ್ಲಿ ಕೆಂಪಾಗುತ್ತೆ. ಗಟ್ಟಿ ಮಾಡಿದ ಚೊಗರನ್ನು ಮತ್ತೆ ಅಡಿಕೆಗೇ ಲೇಪಿಸಿದಾಗ ಹೊಳಪು. ಚಹಾ ಲೋಕದಲ್ಲೂ ಇದೇ ಲೆಕ್ಕ. ಎಲೆಗೆ ಮೊದಲೇ ಬಿಸಿ ಕೊಟ್ಟು ಕಿಣ್ವ ನಿಲ್ಲಿಸಿದರೆ ಗ್ರೀನ್ ಟೀ, ಎಲೆ ಹೊಸಕಿ ಕಿಣ್ವವನ್ನು ಓಡೋಕೆ ಬಿಟ್ಟರೆ ಮಾಮೂಲಿ ಟೀ.

ಆಯ್ಕೆಯಲ್ಲಿ ಎಡವುವ ಕಿಣ್ವ

ಎಲ್ಲ ಕಿಣ್ವಗಳೂ ಕರ್ಪೂರದ ಕಿಣ್ವದಷ್ಟು ಚುರುಕಿಲ್ಲ. ಎಲೆಗಳಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿಯುವ ರುಬಿಸ್ಕೋ ಬಹಳ ನಿಧಾನ, ಜತೆಗೆ ಗೊಂದಲದ ಆಸಾಮಿ. ಇಂಗಾಲದ ಡೈಆಕ್ಸೈಡ್ ಮತ್ತು ಆಕ್ಸಿಜನ್ ಎರಡೂ ಸಣ್ಣ ಅಣುಗಳು, ಹಿಡಿದು ಪರೀಕ್ಷಿಸೋಕೆ ಕೈಕಾಲು ಇಲ್ಲ. ಭತ್ತ, ಅಡಿಕೆಯಂಥ ಸಿ3 ಗಿಡಗಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು ಬಾರಿ ರುಬಿಸ್ಕೋ ಆಕ್ಸಿಜನ್ನನ್ನೇ ಹಿಡಿಯುತ್ತೆ. ಆಗ ಹುಟ್ಟೋ ಬೇಡದ ವಸ್ತುವನ್ನು ಸರಿಪಡಿಸೋಕೆ ಗಿಡ ಶಕ್ತಿ ಕಳೆದುಕೊಳ್ಳಬೇಕು. ಬಿಸಿಲು ಏರಿದಷ್ಟೂ ಈ ಗೊಂದಲ ಹೆಚ್ಚುತ್ತೆ.

ಜಗಳೂರಿನ ಮೆಕ್ಕೆಜೋಳ, ಜೋಳ, ರಾಗಿ ಸಿ4 ಗಿಡಗಳು. ಇವು ಆಕ್ಸಿಜನ್ನಿಗೆ ಮರುಳಾಗದ ಇನ್ನೊಂದು ಕಿಣ್ವದಿಂದ ಇಂಗಾಲವನ್ನು ಮೊದಲು ಹಿಡಿದು, ರುಬಿಸ್ಕೋ ಇರೋ ಒಳಕೋಣೆಗೆ ತುಂಬುತ್ತವೆ. ಅಲ್ಲಿ ಇಂಗಾಲದ ಡೈಆಕ್ಸೈಡೇ ದಟ್ಟವಾಗಿರೋದರಿಂದ ತಪ್ಪು ಆಯ್ಕೆ ಬಹಳ ಕಡಿಮೆ. ಎಲೆಯ ರಂಧ್ರಗಳನ್ನು ಪೂರ್ತಿ ತೆರೆಯದೆಯೂ ಕೆಲಸ ನಡೆಯುತ್ತೆ, ನೀರು ಉಳಿಯುತ್ತೆ. ಬಯಲುಸೀಮೆಗೂ ಕೊಳವೆಬಾವಿ ನಂಬಿ ಅಡಿಕೆ ಹಬ್ಬುತ್ತಿರೋ ಈ ಹೊತ್ತಲ್ಲಿ ಇದು ನೆನಪಿರಲಿ. ಬೆಲೆಯ ಲೆಕ್ಕದಲ್ಲಿ ಅಡಿಕೆ ಗೆಲ್ಲಬಹುದು, ನೀರಿನ ಲೆಕ್ಕ ಎಲೆಯೊಳಗಿನ ಕಿಣ್ವದಲ್ಲೇ ಬರೆದಿದೆ.

ಬಾಯಿಯೊಳಗಿನ ತಾಮ್ರ

ಈಗ ನಿಜಕ್ಕೂ ಚಿಂತೆಯ ವಿಷಯ. ನಮ್ಮ ಚರ್ಮ, ರಕ್ತನಾಳ, ಬಾಯಿಯ ಒಳಪದರ ಎಲ್ಲಕ್ಕೂ ಬಲ ಕೊಡೋದು ಕೊಲಾಜೆನ್ ಎಂಬ ಪ್ರೋಟೀನ್ ನಾರು. ನಾರುಗಳನ್ನು ಒಂದಕ್ಕೊಂದು ಹೊಲಿಯೋದು ಲೈಸಿಲ್ ಆಕ್ಸಿಡೇಸ್. ಇದಕ್ಕೂ ಬೇಕಿರೋದು ತಾಮ್ರ ಮತ್ತು ಆಕ್ಸಿಜನ್. ನಾರಿನ ಲೈಸಿನ್‌ಗಳಲ್ಲಿ ಕೆಲವನ್ನು ಇದು ಅಲ್ಡಿಹೈಡ್ ಆಗಿ ಬದಲಿಸುತ್ತೆ, ಅವು ಪಕ್ಕದ ನಾರಿನ ಜತೆ ಬಿಗಿ ಬೆಸುಗೆ ಹಾಕಿಕೊಳ್ಳುತ್ತವೆ. ಇದರ ಆಯ್ಕೆಯ ರೀತಿಯೂ ವಿಶೇಷ: ಬಿಡಿ ಕೊಲಾಜೆನ್‌ಗಿಂತ, ಸಾಲಾಗಿ ಜೋಡಣೆಯಾದ ನಾರನ್ನೇ ಇದು ಇಷ್ಟಪಡುತ್ತೆ. ಹೊಲಿಗೆ ಹದವಾಗಿದ್ದರೆ ಆರೋಗ್ಯ, ವಿಪರೀತ ಆದರೆ ರೋಗ.

ಅಡಿಕೆಯಲ್ಲಿ ತಾಮ್ರದ ಅಂಶ ಸಾಕಷ್ಟಿದೆ. ದಿನವಿಡೀ ದವಡೆಯಲ್ಲಿ ಇಟ್ಟುಕೊಂಡರೆ ಅದು ಎಂಜಲಿಗೆ ಬಿಡುತ್ತೆ. ಅಡಿಕೆಯ ಅರೆಕೋಲಿನ್ ಕೊಲಾಜೆನ್ ಮಾಡೋ ಜೀವಕೋಶಗಳನ್ನು ಕೆರಳಿಸುತ್ತೆ. ಟ್ಯಾನಿನ್‌ಗಳು ಹಳೇ ಕೊಲಾಜೆನ್ ಕರಗದಂತೆ ಮಾಡುತ್ತವೆ. ತಾಮ್ರ ಸಿಕ್ಕ ಲೈಸಿಲ್ ಆಕ್ಸಿಡೇಸ್ ಹೊಲಿಯುತ್ತಲೇ ಹೋಗುತ್ತೆ. ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಟ್ಟಿಯಾಗುತ್ತೆ, ಬಾಯಿ ತೆರೆಯೋಕೆ ಆಗಲ್ಲ. ಇದಕ್ಕೆ ವೈದ್ಯರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. 1952ರಲ್ಲಿ ಪೂರ್ವ ಆಫ್ರಿಕಾದಲ್ಲಿದ್ದ ಭಾರತೀಯ ಮೂಲದ ಐವರು ಮಹಿಳೆಯರಲ್ಲಿ ಇದನ್ನು ಮೊದಲಿಗೆ ವಿವರಿಸಲಾಯ್ತು. ಕೇರಳದ ಎರ್ನಾಕುಲಂನಲ್ಲಿ 17 ವರ್ಷ ರೋಗಿಗಳನ್ನು ಗಮನಿಸಿದ ಅಧ್ಯಯನವೊಂದರಲ್ಲಿ ಶೇ 7.6ರಷ್ಟು ಜನರಿಗೆ ಬಾಯಿ ಕ್ಯಾನ್ಸರ್ ಬಂತು. ತಂಬಾಕು ಇಲ್ಲದ ಅಡಿಕೆಯನ್ನೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟವಾದ ವರದಿಯಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಅಡಿಕೆ ಬೆಳೆಗಾರರ ಮನೆಯವರಿಗೆ ಇದನ್ನು ಓದೋಕೆ ಕಷ್ಟ ಆಗಬಹುದು. ತೋಟದ ದುಡ್ಡಲ್ಲೇ ಓದಿ ಬೆಂಗಳೂರಲ್ಲಿ ಕೆಲಸ ಹಿಡಿದವರು ನಮ್ಮಲ್ಲಿ ಎಷ್ಟೋ ಜನ. ಆದರೆ ಊಟದ ಮೇಲೆ ಯಾವಾಗಲೋ ಒಂದು ಎಲೆಯಡಿಕೆ ಹಾಕೋದಕ್ಕೂ, ರಿಲೀಸ್ ರಾತ್ರಿ ನಿದ್ದೆ ಬರದಿರಲಿ ಅಂತ ಪ್ಯಾಕೆಟ್ ಮೇಲೆ ಪ್ಯಾಕೆಟ್ ಹರಿಯೋದಕ್ಕೂ ಪ್ರಮಾಣದಲ್ಲಿ ಬಹಳ ಅಂತರ ಇದೆ. ಪ್ರಮಾಣ, ಅವಧಿ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಪೂರ್ತಿ ಸುರಕ್ಷಿತ ಎನ್ನುವ ಮಿತಿಯಂತೂ ಯಾರೂ ಕೊಟ್ಟಿಲ್ಲ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿ ನಿಷೇಧ ಆಯ್ತು. ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಗಿ ಅದೇ ಅಂಗಡಿಯಲ್ಲಿ ಸಿಗ್ತಾನೇ ಇದೆ.

ಗಮನಿಸಬೇಕಾದ ಲಕ್ಷಣಗಳು ಇಷ್ಟು: ಖಾರ ತಿಂದರೆ ಬಾಯಿ ಉರಿಯೋದು, ಕೆನ್ನೆ ಒಳಗೆ ಬಿಗಿದ ಹಾಗೆ ಅನ್ನಿಸೋದು, ನಿಮ್ಮದೇ ಮೂರು ಬೆರಳು ಉದ್ದುದ್ದಕ್ಕೆ ಜೋಡಿಸಿ ಹಲ್ಲುಗಳ ನಡುವೆ ಇಡೋಕೆ ಆಗದಿರೋದು. ಹೀಗೆ ಅನ್ನಿಸಿದರೆ ಮೊದಲು ಅಡಿಕೆ ನಿಲ್ಲಿಸಿ, ಆಮೇಲೆ ದಂತವೈದ್ಯರ ಬಳಿ ಹೋಗಿ. ದಾವಣಗೆರೆ ಊರಲ್ಲೇ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ನಾಲ್ಕೂ ತಾಲ್ಲೂಕಿನವರಿಗೆ ಅದು ದೂರ ಅಲ್ಲ. ಗಟ್ಟಿಯಾದ ಹೊಲಿಗೆಯನ್ನು ಪೂರ್ತಿ ಬಿಚ್ಚೋ ಔಷಧ ಇಂದಿಗೂ ಇಲ್ಲ. ಬೇಗ ನಿಲ್ಲಿಸಿದವರಿಗೆ ವ್ಯಾಯಾಮ, ಚುಚ್ಚುಮದ್ದುಗಳಿಂದ ಬಾಯಿ ಸ್ವಲ್ಪ ಮಟ್ಟಿಗೆ ಸಡಿಲ ಆಗುತ್ತೆ. ಮನೆಯಲ್ಲಿ ಹಾಕೋ ಅಭ್ಯಾಸ ಇರೋ ಅಪ್ಪ, ಚಿಕ್ಕಪ್ಪ, ತಮ್ಮ ಯಾರಾದರೂ ಇದ್ದರೆ ಇವತ್ತೇ ಅವರ ಮೂರು ಬೆರಳಿನ ಪರೀಕ್ಷೆ ಮಾಡಿಸಿ ನೋಡಿ.