ವಿಕಾಸ: ಅಂಕಕ್ಕಾಗಿ ಮಾತ್ರ ಓದುವ ಪಾಠವೇ?

ದ್ವಿತೀಯ ಪಿಯುಸಿ ಜೀವಶಾಸ್ತ್ರದ ‘ವಿಕಾಸ’ ಅಧ್ಯಾಯ ಮುಗಿದ ದಿನ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: “ಸರ್, ಇದನ್ನು ಪರೀಕ್ಷೆಯಲ್ಲಿ ಬರೆಯುತ್ತೇನೆ, ಆದರೆ ನಂಬುವುದಿಲ್ಲ. ಅದು ಸುಳ್ಳು ಬರೆದ ಹಾಗಾಗುತ್ತದಾ?” ತರಗತಿಯಲ್ಲಿ ಕೇಳಲು ಸಂಕೋಚವಾಗಿತ್ತಂತೆ. ಇದು ಅವಳೊಬ್ಬಳ ಪ್ರಶ್ನೆಯಲ್ಲ ಎಂದು ನನಗೆ ಗೊತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಇಂದಿನ ಮಂಗವೇ ಮನುಷ್ಯನಾಯಿತು ಎಂದು ವಿಜ್ಞಾನ ಹೇಳುವುದಿಲ್ಲ. ಮನುಷ್ಯನಿಗೂ ಚಿಂಪಾಂಜಿಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಸಮಾನ ಪೂರ್ವಜರಿದ್ದರು ಎನ್ನುತ್ತದೆ. ಇದಕ್ಕೆ ಪಳೆಯುಳಿಕೆಗಳಷ್ಟೇ ಸಾಕ್ಷಿಯಲ್ಲ. ಚಿಂಪಾಂಜಿಯಲ್ಲಿ 24 ಜೊತೆ ವರ್ಣತಂತುಗಳಿವೆ, ನಮ್ಮಲ್ಲಿ 23. ಒಂದು ಜೊತೆ ಎಲ್ಲಿ ಹೋಯಿತು? ನಮ್ಮ ಎರಡನೇ ವರ್ಣತಂತುವನ್ನು ನೋಡಿ. ತುದಿಯಲ್ಲಿರಬೇಕಾದ ಟೆಲೋಮಿಯರ್‌ನ ಡಿಎನ್‌ಎ ಅದರ ಒಳಭಾಗದಲ್ಲಿ, ಎರಡು ಹಗ್ಗಗಳ ತುದಿ ಸೇರಿಸಿ ಗಂಟು ಹಾಕಿದಂತೆ ಕಾಣುತ್ತದೆ. ಕೆಲಸ ಮಾಡುವ ಸೆಂಟ್ರೋಮಿಯರ್ ಒಂದಿದ್ದರೆ, ಕೆಲಸ ನಿಲ್ಲಿಸಿದ ಇನ್ನೊಂದರ ಅವಶೇಷವೂ ಅದರಲ್ಲೇ ಇದೆ. ಚಿಂಪಾಂಜಿಯ ಎರಡು ಬೇರೆ ಬೇರೆ ವರ್ಣತಂತುಗಳಿಗೆ ಅದು ಹೊಂದಿಕೆಯಾಗುತ್ತದೆ. ಇದನ್ನೆಲ್ಲ ‘ಬರೀ ಥಿಯರಿ’ ಎಂದು ಬದಿಗೆ ಸರಿಸುವುದು ಕಷ್ಟ.

ಹಾಗಾದರೆ ಈಮಾನ್? ಡಾರ್ವಿನ್‌ರ ‘ಜೀವಿಗಳ ಉಗಮ’ ಪ್ರಕಟವಾದದ್ದು 1859ರಲ್ಲಿ. ಮೂವತ್ತು ವರ್ಷ ತುಂಬುವ ಮೊದಲೇ, 1888ರಲ್ಲಿ, ಈಗ ಲೆಬನಾನ್‌ನಲ್ಲಿರುವ ಟ್ರಿಪೋಲಿಯ ವಿದ್ವಾಂಸ ಹುಸೈನ್ ಅಲ್-ಜಿಸ್ರ್ ‘ಅರ್-ರಿಸಾಲಾ ಅಲ್-ಹಮೀದಿಯ್ಯಾ’ ಎಂಬ ಅರಬಿ ಗ್ರಂಥದಲ್ಲಿ ಈ ವಿಷಯ ಎತ್ತಿಕೊಂಡರು. ದೇವರನ್ನು ನಿರಾಕರಿಸುವ ಭೌತವಾದವನ್ನು ಅವರು ಒಪ್ಪಲಿಲ್ಲ. ವಿಕಾಸವಾದಕ್ಕೆ ಆಗ ಸಿಕ್ಕಿದ್ದ ಪುರಾವೆ ಸಾಲದೆಂದೂ ಹೇಳಿದರು. ಆದರೆ ಅದು ಖಚಿತವಾಗಿ ಸಾಬೀತಾದರೆ ಕುರ್‌ಆನಿನ ವಚನಗಳನ್ನು ಅದಕ್ಕೆ ಹೊಂದುವಂತೆ ಅರ್ಥೈಸಬಹುದು, ಒಮ್ಮೆಲೇ ಆದರೂ ಹಂತಹಂತವಾಗಿ ಆದರೂ ಸೃಷ್ಟಿಸಿದವನು ಅಲ್ಲಾಹನೇ ಎಂಬುದು ಅವರ ನಿಲುವು.

ನಿಜವಾದ ಬಿಕ್ಕಟ್ಟು ಇರುವುದು ಮನುಷ್ಯನ ವಿಷಯದಲ್ಲಿ. ಇಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು ವಿಕಾಸವನ್ನೇ ತಿರಸ್ಕರಿಸುತ್ತಾರೆ. ಇತರ ಜೀವಿಗಳ ವಿಕಾಸವನ್ನು ಒಪ್ಪಿ, ಆದಮ್(ಅ) ಅವರ ಸೃಷ್ಟಿ ಮಾತ್ರ ಪವಾಡ ಎನ್ನುವವರಿದ್ದಾರೆ. ಮನುಷ್ಯನನ್ನೂ ಸೇರಿಸಿ ಒಪ್ಪುವವರೂ ಇದ್ದಾರೆ. ಜೋರ್ಡಾನಿನ ಹಾಶಿಮೈಟ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ರಾನಾ ದಜಾನಿ ಅಂಥವರು. ಹಿಜಾಬ್ ಧರಿಸುವ ಅವರು ಮುಸ್ಲಿಂ ವಿದ್ಯಾರ್ಥಿಗಳಿಗೆ ವಿಕಾಸವನ್ನು ಏಕೆ ಕಲಿಸುತ್ತೇನೆಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು.

ನಮ್ಮಲ್ಲಿ ಇನ್ನೊಂದು ಚಟವಿದೆ. 9ನೇ ಶತಮಾನದಲ್ಲೇ ಬಸ್ರಾದ ಅಲ್-ಜಾಹಿಝ್ ಡಾರ್ವಿನ್ ಹೇಳಿದ್ದನ್ನೆಲ್ಲ ಹೇಳಿಬಿಟ್ಟಿದ್ದರು ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚುವುದು. ‘ಕಿತಾಬುಲ್ ಹಯವಾನ್’ನಲ್ಲಿ ಅವರು ಪ್ರಾಣಿಗಳ ಉಳಿವಿನ ಹೋರಾಟ, ಪರಿಸರದ ಪ್ರಭಾವದ ಬಗ್ಗೆ ಬರೆದದ್ದು ನಿಜ. ಆದರೆ ಅದು ನೈಸರ್ಗಿಕ ಆಯ್ಕೆಯ ಸಿದ್ಧಾಂತವಲ್ಲ. ಅವರ ಹಿರಿಮೆಗೆ ಈ ಉತ್ಪ್ರೇಕ್ಷೆ ಬೇಕಾಗಿಯೂ ಇಲ್ಲ. ಹಾಗೆಯೇ, ವಿಕಾಸ ಸಾಬೀತಾದ್ದರಿಂದ ದೇವರಿಲ್ಲ ಎನ್ನುವ ವಿಜ್ಞಾನಿ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗದ ಮಾತನ್ನು ಆಡುತ್ತಿದ್ದಾನೆ.

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟೇ: ಪ್ರಶ್ನೆಪತ್ರಿಕೆ ಕೇಳುವುದು ವಿಜ್ಞಾನ ಏನು ಹೇಳುತ್ತದೆ, ಯಾವ ಸಾಕ್ಷ್ಯದ ಮೇಲೆ ಹೇಳುತ್ತದೆ ಎಂದು. ಅದನ್ನು ಅರ್ಥಮಾಡಿಕೊಂಡು ಬರೆದರೆ ಸುಳ್ಳಲ್ಲ. ಅರ್ಥಮಾಡಿಕೊಳ್ಳದೆ ಬಾಯಿಪಾಠ ಮಾಡಿದರೆ ನನಗೆ ಬೇಸರ. “ಆದಮ್(ಅ) ವಿಷಯ ಇನ್ನೂ ಕೇಳುವುದಿದೆ ಸರ್” ಎಂದಳು. ಮಂಗಳವಾರ ಕೊನೆಯ ಪೀರಿಯಡ್ ನನಗೆ ಬಿಡುವಿದೆ. ಇಸ್ಲಾಮಿಕ್ ಸ್ಟಡೀಸ್‌ನ ಉಸ್ತಾದರೂ ಬರಲು ಒಪ್ಪಿದ್ದಾರೆ. ಪ್ರಶ್ನೆ ಇರುವವರು ಬನ್ನಿ.