ಗಡುವು ಯಾರಿಗೆ, ಶಾಶ್ವತ ಯಾರಿಗೆ?

ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಜುಲೈ 4ರಂದು ಸಹಿ ಮಾಡಿದ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಕಾಯ್ದೆ ತೆರಿಗೆ, ಆರೋಗ್ಯ, ಗಡಿ ಕಾವಲು, ಇಂಧನ ಮೊದಲಾದ ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳನ್ನು ಒಂದೇ ಕಟ್ಟಿನಲ್ಲಿ ಸೇರಿಸಿದ ಬೃಹತ್ ಶಾಸನವಾಗಿದೆ. ಸೆನೆಟ್‌ನಲ್ಲಿ ಮಸೂದೆಯೊಂದರ ಚರ್ಚೆಗೆ ತೆರೆ ಎಳೆಯಲು ಸಾಮಾನ್ಯವಾಗಿ 60 ಮತಗಳು ಬೇಕಾಗುತ್ತವೆಯಾದರೂ, ಆದಾಯ ಮತ್ತು ವೆಚ್ಚಕ್ಕೆ ಸೀಮಿತವಾದ ‘ರಿಕನ್ಸಿಲಿಯೇಷನ್’ ಎಂಬ ವಿಶೇಷ ಬಜೆಟ್ ಪ್ರಕ್ರಿಯೆಯಲ್ಲಿ ಸರಳ ಬಹುಮತವೇ ಸಾಕಾಗುವುದರಿಂದ, ರಿಪಬ್ಲಿಕನ್ ಪಕ್ಷ ಆ ದಾರಿಯನ್ನೇ ಹಿಡಿಯಿತು. ಸೆನೆಟ್‌ನಲ್ಲಿ ಮತಗಳು 50–50ರಂತೆ ಸಮನಾದಾಗ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ನಿರ್ಣಾಯಕ ಮತ ಹಾಕಬೇಕಾಯಿತು. ಪ್ರತಿನಿಧಿ ಸಭೆಯಲ್ಲಿ ಮಸೂದೆ 218–214ರ ಅಂತರದಲ್ಲಿ ಗೆದ್ದಿತು. ಇಂಥ ಶಾಸನ ಯಾರ ಪರ ಎಂಬುದನ್ನು ಅದರ ಪೀಠಿಕೆಯಿಂದಲೋ ಬೆಂಬಲಿಗರ ಭಾಷಣಗಳಿಂದಲೋ ತಿಳಿಯುವುದು ಕಷ್ಟ. ಯಾವ ಸೌಲಭ್ಯಕ್ಕೆ ಕೊನೆಯ ದಿನಾಂಕವಿದೆ, ಯಾವುದಕ್ಕೆ ಇಲ್ಲ ಎಂದು ನೋಡುತ್ತ ಹೋದರೆ ಚಿತ್ರ ಬಹುಬೇಗ ಸ್ಪಷ್ಟವಾಗುತ್ತದೆ.

ಕಂಪನಿ ತೆರಿಗೆಯ ದರವನ್ನು ಈ ಕಾಯ್ದೆ ಮುಟ್ಟಿಲ್ಲ. ಶೇ 35ರಷ್ಟಿದ್ದ ದರವನ್ನು ಶೇ 21ಕ್ಕೆ ಇಳಿಸಿದ್ದು 2017ರ ತೆರಿಗೆ ಕಾಯ್ದೆ, ಮತ್ತು ಅದನ್ನು ಆಗಲೇ ಕಾಯಂ ಮಾಡಲಾಗಿತ್ತು. ಈ ಬಾರಿ ಬದಲಾಗಿರುವುದು ಆ ಶೇ 21ನ್ನು ಯಾವ ಮೊತ್ತದ ಮೇಲೆ, ಯಾವಾಗ ಹಾಕಬೇಕು ಎಂಬ ಲೆಕ್ಕ. ಯಂತ್ರವೊಂದರ ಬೆಲೆಯನ್ನು ಅದರ ಬಾಳಿಕೆಯ ವರ್ಷಗಳಿಗೆ ಹಂಚಿ, ವರ್ಷಕ್ಕಿಷ್ಟೆಂದು ಲಾಭದಿಂದ ಕಳೆಯುವ ಕ್ರಮಕ್ಕೆ ಸವಕಳಿ ಎನ್ನುತ್ತಾರೆ. ಹೊಸ ಕಾಯ್ದೆಯಂತೆ, 2025ರ ಜನವರಿ 19ರ ನಂತರ ಕೊಂಡ ಯಂತ್ರೋಪಕರಣಗಳ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಕಳೆಯಬಹುದು. 10 ಕೋಟಿ ಡಾಲರ್ ಲಾಭ ಗಳಿಸಿದ ಕಂಪನಿ ಅಷ್ಟೇ ಮೊತ್ತದ ಯಂತ್ರಗಳನ್ನು ಕೊಂಡರೆ ಆ ವರ್ಷ ಕಟ್ಟಬೇಕಾಗಿದ್ದ 2.1 ಕೋಟಿ ಡಾಲರ್ ತೆರಿಗೆ ಶೂನ್ಯಕ್ಕಿಳಿಯುತ್ತದೆ. ಇದು ತೆರಿಗೆ ಮನ್ನಾ ಅಲ್ಲ, ಬರೀ ಮುಂದೂಡಿಕೆ ಎಂಬ ವಾದದಲ್ಲಿ ತಾಂತ್ರಿಕ ಸತ್ಯವಿದೆ. ಆದರೆ ವರ್ಷವರ್ಷವೂ ಹೊಸ ಹೂಡಿಕೆ ಮಾಡುತ್ತಲೇ ಬೆಳೆಯುವ ದೊಡ್ಡ ಕಂಪನಿಗೆ ಮುಂದೂಡಿಕೆಯೂ ವರ್ಷವರ್ಷ ನವೀಕರಣಗೊಳ್ಳುವುದರಿಂದ, ಅದು ಸರ್ಕಾರವೇ ಕೊಟ್ಟ, ಎಂದೂ ಪೂರ್ತಿ ತೀರದ ಬಡ್ಡಿರಹಿತ ಸಾಲವಾಗುತ್ತದೆ. 2017ರ ಕಾಯ್ದೆಯಲ್ಲಿಯೂ ಇದ್ದ ಈ ಸೌಲಭ್ಯ 2023ರಿಂದ ಹಂತಹಂತವಾಗಿ ಕರಗುತ್ತಿತ್ತು; ಈಗ ಅದಕ್ಕೆ ಕೊನೆಯ ದಿನಾಂಕವೇ ಇಲ್ಲ.

ಸಂಶೋಧನಾ ವೆಚ್ಚದ ನಿಯಮಕ್ಕೆ ಬೆಂಗಳೂರಿನ ನಂಟಿದೆ. ದೇಶದೊಳಗಿನ ಸಂಶೋಧನೆಯ ವೆಚ್ಚವನ್ನು 5 ವರ್ಷಗಳಿಗೆ, ಹೊರದೇಶದ್ದನ್ನು 15 ವರ್ಷಗಳಿಗೆ ಹಂಚಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿತ್ತು. ಈಗ ಅಮೆರಿಕದೊಳಗಿನ ವೆಚ್ಚವನ್ನು ಅದೇ ವರ್ಷ ಪೂರ್ತಿ ಕಳೆಯಬಹುದು, ಹೊರದೇಶದ ವೆಚ್ಚಕ್ಕೆ ಮಾತ್ರ 15 ವರ್ಷಗಳ ಕಾಯುವಿಕೆ ಹಾಗೆಯೇ ಉಳಿದಿದೆ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಸಾಫ್ಟ್‌ವೇರ್ ರೂಪಿಸುವ ಕೆಲಸದ ವೆಚ್ಚವನ್ನು ಅಮೆರಿಕದ ಮಾತೃಸಂಸ್ಥೆ ತನ್ನ ಸಂಶೋಧನಾ ಲೆಕ್ಕದಲ್ಲಿ ತೋರಿಸಿದರೆ ಈ ಭೇದ ಅನ್ವಯವಾಗುತ್ತದೆ. ಸಂಬಳದ ಅಂತರ ಇನ್ನೂ ದೊಡ್ಡದಿರುವುದರಿಂದ ಇದೊಂದೇ ಕಾರಣಕ್ಕೆ ಕೆಲಸಗಳು ವಾಪಸು ಹೋಗಲಾರವು, ಆದರೂ ಒಲವು ಯಾವ ಕಡೆಗೆಂಬುದು ನಿಚ್ಚಳ.

ಕಂಪನಿ ತೆರಿಗೆ ಮತ್ತು ಪಳೆಯುಳಿಕೆ ಇಂಧನದ ಹಿತಾಸಕ್ತಿ ಎರಡೂ ಕೂಡುವ ಜಾಗವೊಂದು ಈ ಕಾಯ್ದೆಯಲ್ಲಿದೆ. ಷೇರುದಾರರಿಗೆ ಭಾರಿ ಲಾಭ ತೋರಿಸಿ ತೆರಿಗೆ ಇಲಾಖೆಗೆ ಅತ್ಯಲ್ಪ ತೋರಿಸುವ ಪರಿಪಾಠಕ್ಕೆ ತಡೆಯಾಗಿ, ಸರಾಸರಿ 100 ಕೋಟಿ ಡಾಲರ್‌ಗಿಂತ ಹೆಚ್ಚಿನ ವಾರ್ಷಿಕ ಲಾಭವಿರುವ ಕಂಪನಿಗಳಿಗೆ 2022ರ ಇನ್‌ಫ್ಲೇಷನ್ ರಿಡಕ್ಷನ್ ಕಾಯ್ದೆ ಶೇ 15ರ ಕನಿಷ್ಠ ತೆರಿಗೆಯನ್ನು ವಿಧಿಸಿತ್ತು. ತೈಲಬಾವಿ ಕೊರೆಯುವಾಗ ಕೂಲಿ, ಇಂಧನ, ರಾಸಾಯನಿಕ ಇತ್ಯಾದಿಗಳಿಗೆ ತಗಲುವ, ಮುಂದೆ ಮಾರಿ ಹಿಂಪಡೆಯಲಾಗದ ಖರ್ಚನ್ನು ಸಾಮಾನ್ಯ ತೆರಿಗೆಯ ಲೆಕ್ಕದಲ್ಲಿ ಕೂಡಲೇ ಕಳೆಯುವ ಅವಕಾಶ 1913ರಷ್ಟು ಹಿಂದಿನದು. ಈಗ ಕನಿಷ್ಠ ತೆರಿಗೆಯ ಲೆಕ್ಕದಲ್ಲಿಯೂ ಅದನ್ನು ಕಳೆಯಬಹುದು. ನೂರು ವರ್ಷ ಮೀರಿದ ರಿಯಾಯಿತಿಯೊಂದು ಮೂರು ವರ್ಷದ ಹಿಂದಿನ ತಡೆಯನ್ನು ಹೀಗೆ ಸದ್ದಿಲ್ಲದೆ ದಾಟಿತು.

ರಾಜಧನದ ಕಥೆ ಇನ್ನೂ ನೇರವಾದುದು. ಸರ್ಕಾರಿ ಭೂಮಿಯಿಂದ ತೆಗೆದ ಖನಿಜದ ಮೌಲ್ಯದಲ್ಲಿ ಸರ್ಕಾರಕ್ಕೆ ಸಲ್ಲುವ ಪಾಲೇ ರಾಜಧನ. ಫೆಡರಲ್ ಭೂಮಿಯ ತೈಲ ಮತ್ತು ಅನಿಲದ ಮೇಲೆ ಸುಮಾರು ಒಂದು ಶತಮಾನ ಕಾಲ ಇದ್ದ ಶೇ 12.5ರ ಕನಿಷ್ಠ ದರವನ್ನು 2022ರಲ್ಲಿ ಶೇ 16.67ಕ್ಕೆ ಏರಿಸಲಾಗಿತ್ತು, ಹೊಸ ಕಾಯ್ದೆ ಅದನ್ನು ಮತ್ತೆ ಶೇ 12.5ಕ್ಕೆ ಇಳಿಸಿತು. ತೈಲೋದ್ಯಮದ ತವರಾದ ಟೆಕ್ಸಾಸ್ ರಾಜ್ಯ ತನ್ನ ಸ್ವಂತ ಭೂಮಿಯಲ್ಲಿ ಶೇ 25ರವರೆಗೆ ವಸೂಲು ಮಾಡುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಲ್ಲಿದ್ದಲಿನ ರಾಜಧನಕ್ಕೆ 2034ರ ಸೆಪ್ಟೆಂಬರ್‌ವರೆಗೆ ಶೇ 7ರ ಮಿತಿ ಬಿದ್ದಿದೆ. ಮೆಕ್ಸಿಕೊ ಕೊಲ್ಲಿಯಲ್ಲಿ 30 ಗುತ್ತಿಗೆ ಹರಾಜುಗಳನ್ನು ನಡೆಸುವುದು ಕಡ್ಡಾಯವಾಗಿದೆ. ಅಲಾಸ್ಕದ ಆರ್ಕ್ಟಿಕ್ ವನ್ಯಜೀವಿ ಧಾಮವೂ ಹರಾಜಿನಿಂದ ತಪ್ಪಿಸಿಕೊಂಡಿಲ್ಲ. ಸೋರಿಬಿಡುವ ಮೀಥೇನ್ ಮೇಲೆ ತೈಲ ಕಂಪನಿಗಳು ತೆರಬೇಕಾಗಿದ್ದ ಶುಲ್ಕ 2034ಕ್ಕೆ ಮುಂದೆ ಹೋಗಿದೆ. ಹಿಡಿದಿಟ್ಟ ಇಂಗಾಲದ ಡೈಆಕ್ಸೈಡನ್ನು ನೆಲದಡಿ ಶಾಶ್ವತವಾಗಿ ಹುಗಿದರೆ ಟನ್ನಿಗೆ 85 ಡಾಲರ್, ಹಳೆಯ ಬಾವಿಗಳಿಂದ ಇನ್ನಷ್ಟು ತೈಲ ಹಿಂಡಲು ಬಳಸಿದರೆ 60 ಡಾಲರ್ ತೆರಿಗೆ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿಯೇ ನೇರ ಕಡಿತ, ಸಿಗುತ್ತಿತ್ತು. ಈಗ ಎರಡಕ್ಕೂ 85.

ಬ್ಯಾಟರಿ ಮತ್ತು ಸೌರಫಲಕದ ಬಿಡಿಭಾಗಗಳ ತಯಾರಿಕೆಗೆಂದು ಹುಟ್ಟಿದ ಇನ್ನೊಂದು ಕ್ರೆಡಿಟ್‌ನ ಖನಿಜಪಟ್ಟಿಗೆ ಉಕ್ಕು ತಯಾರಿಕೆಯ ಕಲ್ಲಿದ್ದಲನ್ನು ಸೇರಿಸಿರುವುದು ಈ ಕಾಯ್ದೆಯ ಅತಿ ಚತುರ ತಿದ್ದುಪಡಿ ಎನ್ನಬೇಕು. ಉತ್ಪಾದನಾ ವೆಚ್ಚದ ಶೇ 2.5ರಷ್ಟು ಸಿಗುವ ಈ ನೆರವು 2029ರ ಕೊನೆಯವರೆಗೆ ಇದ್ದು, ಉಕ್ಕು ಅಮೆರಿಕದ ಒಳಗೆ ತಯಾರಾಗಲಿ ಹೊರಗೆ ತಯಾರಾಗಲಿ ಅನ್ವಯವಾಗುತ್ತದೆ. ಈ ಕಲ್ಲಿದ್ದಲನ್ನು ಕೊಳ್ಳುವ ಪ್ರಮುಖ ದೇಶಗಳಲ್ಲಿ ಭಾರತವೂ ಒಂದು. ದೇಶೀಯ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚಿರುವುದರಿಂದ ಬಳ್ಳಾರಿ ಸೀಮೆಯ ತೋರಣಗಲ್ಲಿನಂಥ ಉಕ್ಕಿನ ನೆಲೆಗಳು ಆಮದು ಕೋಕಿಂಗ್ ಕಲ್ಲಿದ್ದಲನ್ನು ಅವಲಂಬಿಸಿವೆ. ಅಮೆರಿಕದ ತೆರಿಗೆದಾರ ಕೊಟ್ಟ ಹಣದ ಒಂದಂಶ ಪರದೇಶಗಳ ಊದುಕುಲುಮೆಗಳಿಗೂ ತಲುಪುವಂತಾದುದನ್ನು ‘ಅಮೆರಿಕ ಮೊದಲು’ ಎನ್ನುವವರು ಹೇಗೆ ಸಮರ್ಥಿಸಿಕೊಳ್ಳುತ್ತಾರೋ ತಿಳಿಯದು.

ಗಾಳಿ ಮತ್ತು ಸೌರ ವಿದ್ಯುತ್ತಿನ ಪಾಲಿಗೆ ಬಂದಿರುವುದು ಗಡುವುಗಳು. ಕನಿಷ್ಠ 2032ರವರೆಗೆ ಇರಬೇಕಾಗಿದ್ದ ಕ್ರೆಡಿಟ್ ಸಿಗಬೇಕಾದರೆ ಕಾಮಗಾರಿ 2026ರ ಜುಲೈ 4ರೊಳಗೆ ಆರಂಭವಾಗಬೇಕು, ಇಲ್ಲವೇ ಸ್ಥಾವರ 2027ರ ಕೊನೆಯೊಳಗೆ ವಿದ್ಯುತ್ ಉತ್ಪಾದಿಸತೊಡಗಬೇಕು. ಯೋಜನಾ ವೆಚ್ಚದ ಶೇ 5ರಷ್ಟನ್ನು ವ್ಯಯಿಸಿದರೂ ಕಾಮಗಾರಿ ಆರಂಭವಾದಂತೆಯೇ ಎಂದು ಮೊದಲಿದ್ದ ಅನುಕೂಲವನ್ನು ಹಣಕಾಸು ಇಲಾಖೆ 2025ರ ಆಗಸ್ಟ್‌ನಲ್ಲಿ ಸಣ್ಣ ಸೌರ ಘಟಕಗಳಿಗಷ್ಟೇ ಉಳಿಸಿ ಮಿಕ್ಕವರಿಗೆ ತೆಗೆದುಹಾಕಿತು. ವಿದ್ಯುತ್ ಕಾರು ಕೊಳ್ಳುವವರಿಗೆ ಸಿಗುತ್ತಿದ್ದ 7,500 ಡಾಲರ್ ಕ್ರೆಡಿಟ್ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು, ಮನೆಯ ಮೇಲ್ಛಾವಣಿಯ ಸೌರಫಲಕದ ಕ್ರೆಡಿಟ್ ಆ ವರ್ಷದ ಕೊನೆಗೆ. ಪರಮಾಣು, ಭೂಶಾಖ ಮತ್ತು ಬ್ಯಾಟರಿ ಸಂಗ್ರಹಕ್ಕೆ ಹೆಚ್ಚಿನ ಕಾಲಾವಕಾಶ ಸಿಕ್ಕಿರುವುದರಿಂದ, ಇದು ಇಂಗಾಲರಹಿತ ಇಂಧನಗಳೆಲ್ಲದರ ಮೇಲಿನ ಸಿಟ್ಟಲ್ಲ ಎಂಬುದನ್ನೂ ಹೇಳಬೇಕು.

ದುಡಿಯುವವರಿಗೆ ಕೊಟ್ಟದ್ದಕ್ಕೂ ಗಡುವಿದೆ. ಚುನಾವಣಾ ಪ್ರಚಾರದಲ್ಲಿ ಮೊಳಗಿದ ಟಿಪ್ಸ್ ಮತ್ತು ಓವರ್‌ಟೈಮ್ ಗಳಿಕೆಯ ರಿಯಾಯಿತಿಗಳು 2028ಕ್ಕೆ ಮುಗಿಯುತ್ತವೆ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಬಿದ್ದ ಕತ್ತರಿಯೂ ಸೇರಿ, ಒಟ್ಟು ಪರಿಣಾಮವಾಗಿ ಅತಿ ಕಡಿಮೆ ಆದಾಯದ ಶೇ 10ರಷ್ಟು ಕುಟುಂಬಗಳು ವರ್ಷಕ್ಕೆ ಸರಾಸರಿ ಸುಮಾರು 1,200 ಡಾಲರ್ ಕಳೆದುಕೊಳ್ಳುತ್ತವೆ, ಅತಿ ಹೆಚ್ಚು ಆದಾಯದ ಶೇ 10ರಷ್ಟು ಕುಟುಂಬಗಳಿಗೆ ಸುಮಾರು 13,600 ಡಾಲರ್ ಲಾಭವಾಗುತ್ತದೆ ಎಂದು ಅಮೆರಿಕ ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜಿಸಿದೆ. ಅದೇ ಕಚೇರಿಯ ಪ್ರಕಾರ ಹತ್ತು ವರ್ಷಗಳಲ್ಲಿ ಕೊರತೆ 3.4 ಲಕ್ಷ ಕೋಟಿ ಡಾಲರ್‌ಗಳಷ್ಟು ಹೆಚ್ಚುತ್ತದೆ. ಸೆನೆಟ್‌ನ ರಿಪಬ್ಲಿಕನ್ನರು 2017ರ ರಿಯಾಯಿತಿಗಳ ಮುಂದುವರಿಕೆಯನ್ನು ‘ಈಗಿರುವ ನೀತಿ’ ಎಂದು ಕರೆದು ಅದರ ಖರ್ಚನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಸೌಲಭ್ಯ ಕೊಟ್ಟ ಮಾತ್ರಕ್ಕೆ ಉದ್ಯಮ ಓಡಿ ಬರುತ್ತದೆಂಬ ಸಮರ್ಥಕರ ನಂಬಿಕೆಗೆ ಈವರೆಗೆ ಸಿಕ್ಕ ಉತ್ತರ ಏಕರೂಪವಾಗಿಲ್ಲ. 2025ರ ಡಿಸೆಂಬರ್‌ನಲ್ಲಿ ನಡೆದ ಕೊಲ್ಲಿಯ ಮೊದಲ ಹರಾಜಿನಲ್ಲಿ ಒಟ್ಟು ಸುಮಾರು 30 ಕೋಟಿ ಡಾಲರ್ ಮೊತ್ತದ ಗೆಲುವಿನ ಬಿಡ್‌ಗಳು ಬಂದವು. ಅದಕ್ಕೂ ಮೊದಲು, ಅಕ್ಟೋಬರ್‌ನಲ್ಲಿ, ಮೊಂಟಾನದ ಸುಮಾರು 16.7 ಕೋಟಿ ಟನ್ ಕಲ್ಲಿದ್ದಲಿಗೆ ಬಂದ ಏಕೈಕ ಬಿಡ್ 1.86 ಲಕ್ಷ ಡಾಲರ್ ಮಾತ್ರ, ಅಂದರೆ ಟನ್ನಿಗೆ ಒಂದು ಸೆಂಟ್ ಸಹ ಇಲ್ಲ. ಅದನ್ನು ಸರ್ಕಾರವೇ ತಿರಸ್ಕರಿಸಬೇಕಾಯಿತು. ಮಾರುಕಟ್ಟೆ ಕೈಬಿಡುತ್ತಿರುವ ಇಂಧನವನ್ನು ಶಾಸನ ಎಷ್ಟರಮಟ್ಟಿಗೆ ಎತ್ತಿ ಹಿಡಿಯಬಲ್ಲದೆಂಬ ಸಂದೇಹಕ್ಕೆ ಇಲ್ಲಿ ಆಧಾರವಿದೆ. ಆದರೆ ತೈಲದ ವಿಷಯ ಬೇರೆ. ಮುಂದಿನ ಸಂಸತ್ತು ರಾಜಧನವನ್ನು ಮತ್ತೆ ಏರಿಸಿದರೂ ಆ ದರ ಹೊಸ ಗುತ್ತಿಗೆಗಳಿಗೆ ಮಾತ್ರ ಅನ್ವಯವಾಗುತ್ತದೆ. ಈಗ ಶೇ 12.5ಕ್ಕೆ ಸಹಿಯಾದ ನೆಲದ ಮೇಲಿನ ಗುತ್ತಿಗೆಗಳು ಮೊದಲ ಹತ್ತು ವರ್ಷ, ಮತ್ತು ಆಮೇಲೆ ಬಾವಿಯಲ್ಲಿ ತೈಲ ಬರುತ್ತಿರುವಷ್ಟು ಕಾಲವೂ, ಅದೇ ದರದಲ್ಲಿ ಮುಂದುವರಿಯುತ್ತವೆ.