ತಂಡ ಅಳಿದರೂ ಅಳಿಯದ ಆಟಗಾರರು

ಮನುಷ್ಯ ತೀರಿಕೊಂಡರೆ ಅವನನ್ನು ನೆನೆಯಲು ಮನೆಯವರಿರುತ್ತಾರೆ. ಆದರೆ ಒಂದು ಆಟದ ತಂಡವೇ ಇಲ್ಲವಾದರೆ? ಅದರ ಬಾವುಟ, ಮೈದಾನ, ಲೀಗ್ ಪಟ್ಟಿಯಲ್ಲಿದ್ದ ಹೆಸರು ಎಲ್ಲವೂ ಹೋದ ಮೇಲೆ ಅಭಿಮಾನಿಗಳ ಪಾಲಿಗೆ ಉಳಿಯುವುದೇನು?

ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಫಿಟ್ಜ್‌ರಾಯ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು 1996ರಿಂದ ಈ ಪ್ರಶ್ನೆಗೆ ತಮ್ಮದೇ ರೀತಿಯಲ್ಲಿ ಉತ್ತರ ಕೊಡುತ್ತ ಬಂದಿದ್ದಾರೆ. ಅವರಲ್ಲಿ ಇಬ್ಬರು ಸೇರಿದರೆ ಸಾಕು, ಮಾತು ಹಳೆಯ ಆಟಗಾರರ ಕಡೆಗೆ ಹೊರಳುತ್ತದೆ. ಅಜ್ಜನ ಕಾಲಕ್ಕೆ ಹೇಡನ್ ಬಂಟನ್, ಅಪ್ಪನ ಕಾಲಕ್ಕೆ ಕೆವಿನ್ ಮರ್ರೆ, ಮಗನ ಕಾಲಕ್ಕೆ ಬರ್ನಿ ಕ್ವಿನ್ಲಾನ್ ಮತ್ತು ಪಾಲ್ ರೂಸ್. ಮನೆತನದ ವಂಶಾವಳಿಯನ್ನು ಹೇಳಿದಂತೆ ಈ ಹೆಸರುಗಳನ್ನು ಹೇಳುತ್ತಾರೆ. ವಿಚಿತ್ರವೆಂದರೆ, ಈ ನಾಲ್ವರೂ ಫಿಟ್ಜ್‌ರಾಯ್‌ಗಾಗಿ ಒಮ್ಮೆಯೂ ಅಂತಿಮ ಪಂದ್ಯ ಗೆದ್ದವರಲ್ಲ! ಗೆಲ್ಲದವರನ್ನು ಜನ ಇಷ್ಟು ಪ್ರೀತಿಯಿಂದ ನೆನೆಯುವುದೇಕೆ?

ಮೊದಲು ಆಟದ ಪರಿಚಯ

ಇದು ನಾವು ಬಲ್ಲ ಫುಟ್‌ಬಾಲ್ ಅಲ್ಲ. 1859ರಲ್ಲಿ ಮೆಲ್ಬರ್ನ್‌ನಲ್ಲಿ ನಿಯಮಗಳನ್ನು ಬರೆದು ರೂಪಿಸಿದ, ಆಸ್ಟ್ರೇಲಿಯಕ್ಕೇ ವಿಶಿಷ್ಟವಾದ ಆಟ. ಕ್ರಿಕೆಟ್ ಆಡುವ ಅಂಡಾಕಾರದ ಮೈದಾನಗಳಲ್ಲೇ ಚಳಿಗಾಲದಲ್ಲಿ ಇದನ್ನು ಆಡುತ್ತಾರೆ. ಒಂದೊಂದು ತಂಡಕ್ಕೆ 18 ಆಟಗಾರರು. ಚೆಂಡೂ ಮೊಟ್ಟೆಯಂತೆ ಉದ್ದುದ್ದ. ಚೆಂಡನ್ನು ಕಾಲಿನಿಂದ ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಬಹುದು, ಆದರೆ ಎಸೆಯುವಂತಿಲ್ಲ.

ಮೈದಾನದ ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳಿರುತ್ತವೆ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲು, 6 ಅಂಕ. ಅವುಗಳ ಪಕ್ಕದ ಗಿಡ್ಡ ಕಂಬಗಳ ಸಂದಿಯಲ್ಲಿ ಹೋದರೆ 'ಬಿಹೈಂಡ್', 1 ಅಂಕ ಮಾತ್ರ. ಪತ್ರಿಕೆಯಲ್ಲಿ 10.11 ಎಂದು ಅಂಕ ಬರೆದಿದ್ದರೆ ಅದು ದಶಮಾಂಶವಲ್ಲ. 10 ಗೋಲು, 11 ಬಿಹೈಂಡ್, ಒಟ್ಟು 71 ಅಂಕ ಎಂದರ್ಥ.

ಎಂಟು ಪಟ್ಟ, ಎಂಟು ಪದಕ

ಫಿಟ್ಜ್‌ರಾಯ್ ಎಂಬುದು ಮೆಲ್ಬರ್ನ್ ನಗರದ ಒಳಗೇ ಇರುವ ಒಂದು ಹಳೆಯ ಬಡಾವಣೆ. ಅದರ ಕ್ಲಬ್ ಸ್ಥಾಪನೆಯಾದದ್ದು 1883ರಲ್ಲಿ. 1897ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಆರಂಭವಾದಾಗ ಅದರ ಸ್ಥಾಪಕ ತಂಡಗಳಲ್ಲಿ ಇದೂ ಒಂದು. ಮೊದಲ ವರ್ಷಗಳಲ್ಲಿ ತಂಡ ಬಲಿಷ್ಠವಾಗಿತ್ತು. 1898, 1899, 1904, 1905, 1913, 1916, 1922 ಮತ್ತು 1944ರಲ್ಲಿ, ಹೀಗೆ ಎಂಟು ಬಾರಿ ಲೀಗ್‌ನ ಪಟ್ಟ ಗೆದ್ದಿತು.

ಇವುಗಳಲ್ಲಿ 1916ರ ಕಥೆ ಸ್ವಾರಸ್ಯವಾದುದು. ಮೊದಲ ಮಹಾಯುದ್ಧದ ಕಾರಣ ಆ ವರ್ಷ ನಾಲ್ಕೇ ತಂಡಗಳು ಆಡಿದವು. ಫಿಟ್ಜ್‌ರಾಯ್ ಪಟ್ಟಿಯಲ್ಲಿ ಕಟ್ಟಕಡೆಯದಾಯಿತು. ಆದರೆ ನಾಲ್ಕು ತಂಡಗಳಿಗೂ ಅಂತಿಮ ಸುತ್ತಿನಲ್ಲಿ ಅವಕಾಶವಿದ್ದುದರಿಂದ, ಕೊನೆಯ ಸ್ಥಾನದಲ್ಲಿದ್ದ ತಂಡವೇ ಪಟ್ಟವನ್ನೂ ಗೆದ್ದುಕೊಂಡಿತು!

1944ರ ನಂತರ ಫಿಟ್ಜ್‌ರಾಯ್‌ಗೆ ಪಟ್ಟ ಒಲಿಯಲೇ ಇಲ್ಲ. ಆದರೆ ಆ ಲೀಗ್‌ನಲ್ಲಿ ಇನ್ನೊಂದು ದೊಡ್ಡ ಗೌರವವಿದೆ, ಬ್ರೌನ್‌ಲೋ ಪದಕ. ಪ್ರತಿ ಪಂದ್ಯದ ಬಳಿಕ ಅಂಪೈರ್‌ಗಳು ಮೂವರು ಆಟಗಾರರಿಗೆ 3, 2, 1 ಎಂದು ಮತ ಹಾಕುತ್ತಾರೆ. ವರ್ಷದ ಕೊನೆಗೆ ಹೆಚ್ಚು ಮತ ಬಂದವನಿಗೆ ಪದಕ. ತಪ್ಪು ಮಾಡಿ ಅಮಾನತುಗೊಂಡವನು ಎಷ್ಟೇ ಚೆನ್ನಾಗಿ ಆಡಿದ್ದರೂ ಪದಕಕ್ಕೆ ಅರ್ಹನಲ್ಲ. ಆಟದ ಜೊತೆಗೆ ನಡತೆಯೂ ಶುದ್ಧವಾಗಿರಬೇಕು. ಈ ಪದಕವನ್ನು ಫಿಟ್ಜ್‌ರಾಯ್ ಆಟಗಾರರು ಎಂಟು ಸಲ ಗೆದ್ದರು. ಅವುಗಳಲ್ಲಿ ಐದು ಬಂದದ್ದು 1931ರಿಂದ 1936ರ ನಡುವಿನ ಆರೇ ವರ್ಷಗಳಲ್ಲಿ. ಅದೇ 1936ರಲ್ಲಿ ತಂಡ ಮಾತ್ರ ಪಟ್ಟಿಯ ತಳಕ್ಕಿಳಿದಿತ್ತು.

ಪಕ್ಕದಲ್ಲಿ ಬಂದು ಕುಳಿತವನು

ಆ ಐದರಲ್ಲಿ ಮೂರು ಪದಕಗಳು (1931, 1932, 1935) ಹೇಡನ್ ಬಂಟನ್‌ನವು. ಆಲ್ಬರಿ ಎಂಬ ಊರಿನಿಂದ ಬಂದ ಈ ತರುಣನ ಆಟಕ್ಕೆ ಎಷ್ಟು ಬೇಡಿಕೆ ಇತ್ತೆಂದರೆ, ನಿಯಮ ಮೀರಿ ಹಣದ ಆಸೆ ತೋರಿಸಲಾಗಿತ್ತೆಂದು ಲೀಗ್ ಅವನನ್ನು 1930ರಲ್ಲಿ ಇಡೀ ವರ್ಷ ಆಡಲು ಬಿಡಲಿಲ್ಲ. ಮುಂದೆ ಪಶ್ಚಿಮ ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿನ ಅತ್ಯುನ್ನತ ಪದಕವನ್ನೂ ಮೂರು ಬಾರಿ ಗೆದ್ದ. 1955ರಲ್ಲಿ ಕಾರು ಅಪಘಾತಕ್ಕೀಡಾಗಿ ತೀರಿಕೊಂಡಾಗ ಅವನಿಗೆ 44 ವರ್ಷ.

ಆದರೆ ಬಂಟನ್ ಹೆಸರು ಬಂದಾಗ ಹಳಬರು ಪದಕಗಳ ಜೊತೆಗೇ ಹೇಳುವ ಪ್ರಸಂಗ ಇನ್ನೊಂದಿದೆ. ಡಗ್ ನಿಕೋಲ್ಸ್ ಎಂಬಾತ ಆಸ್ಟ್ರೇಲಿಯದ ಮೂಲನಿವಾಸಿ. ಎತ್ತರ ಐದಡಿ ಎರಡಂಗುಲ ಮಾತ್ರ, ಓಟದಲ್ಲಿ ಮಿಂಚು. 1927ರಲ್ಲಿ ಅವನು ಮೆಲ್ಬರ್ನ್‌ನ ಇನ್ನೊಂದು ದೊಡ್ಡ ಕ್ಲಬ್ಬಿಗೆ ಸೇರಲು ಹೋದಾಗ ಮೈಬಣ್ಣದ ಕಾರಣಕ್ಕೆ ಅವನನ್ನು ಅವಮಾನಿಸಿ ಹಿಂದಕ್ಕೆ ಕಳುಹಿಸಿದರು. ಬೇರೊಂದು ತಂಡದಲ್ಲಿ ಆಡಿ ಹೆಸರು ಮಾಡಿದ ಮೇಲೆ 1932ರಲ್ಲಿ ಅವನು ಫಿಟ್ಜ್‌ರಾಯ್‌ಗೆ ಬಂದ. ಮೊದಲ ದಿನ, ಹಿಂದಿನ ಅನುಭವ ನೆನೆದು, ಬಟ್ಟೆ ಬದಲಿಸುವ ಕೋಣೆಯ ಒಂದು ಮೂಲೆಯಲ್ಲಿ ಒಂಟಿಯಾಗಿ ಕುಳಿತಿದ್ದನಂತೆ. ಅದನ್ನು ಗಮನಿಸಿದ ಬಂಟನ್ ತನ್ನ ಸಾಮಾನು ಎತ್ತಿಕೊಂಡು ಬಂದು ಅವನ ಪಕ್ಕದಲ್ಲೇ ಕುಳಿತ. ಇಡೀ ದೇಶ ಕೊಂಡಾಡುತ್ತಿದ್ದ ಆಟಗಾರನೇ ಹಾಗೆ ಮಾಡಿದ ಮೇಲೆ ಉಳಿದವರು ದೂರ ಸರಿಯುವುದಾದರೂ ಹೇಗೆ?

ನಿಕೋಲ್ಸ್ 1937ರವರೆಗೆ ಫಿಟ್ಜ್‌ರಾಯ್‌ಗೆ ಆಡಿದ. 1935ರಲ್ಲಿ ವಿಕ್ಟೋರಿಯ ರಾಜ್ಯವನ್ನೂ ಪ್ರತಿನಿಧಿಸಿದ. ಆಮೇಲೆ ಧರ್ಮಬೋಧಕರಾಗಿ, ತಮ್ಮ ಜನರ ಹಕ್ಕುಗಳಿಗಾಗಿ ದುಡಿದರು. 1972ರಲ್ಲಿ ಅವರಿಗೆ 'ಸರ್' ಪದವಿ ಬಂತು. ಆ ಗೌರವ ಪಡೆದ ಮೊದಲ ಮೂಲನಿವಾಸಿ ಅವರೇ. 1976ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಗವರ್ನರ್ ಕೂಡ ಆದರು. 2016ರಿಂದ ರಾಷ್ಟ್ರೀಯ ಲೀಗ್ ಪ್ರತಿವರ್ಷ ಮೂಲನಿವಾಸಿಗಳ ಗೌರವಾರ್ಥ ನಡೆಸುವ ಪಂದ್ಯಗಳಿಗೆ ಅವರದೇ ಹೆಸರಿದೆ. ಬಂಟನ್ ಹೊಡೆದ ಗೋಲುಗಳನ್ನು ಲೆಕ್ಕಪುಸ್ತಕದಲ್ಲಿ ಹುಡುಕಬೇಕು. ಅವನು ಬೆಂಚಿನ ಮೇಲೆ ಜಾಗ ಬದಲಿಸಿದ್ದು ಮಾತ್ರ ಇಂದಿಗೂ ಬಾಯಿಂದ ಬಾಯಿಗೆ ದಾಟುತ್ತಿದೆ.

1933ರ ಪದಕ ಗೆದ್ದ ವಿಲ್ಫ್ರೆಡ್ ಸ್ಮಾಲ್‌ಹಾರ್ನ್‌ನ ಕಥೆಯೂ ಹಾಗೆಯೇ. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿ ಹೋಗಿ, ಸಿಂಗಪುರದಲ್ಲಿ ಜಪಾನೀಯರ ಕೈಗೆ ಸೆರೆಸಿಕ್ಕ. ಚಾಂಗಿಯ ಸೆರೆಶಿಬಿರದಲ್ಲಿ ಅರೆಹೊಟ್ಟೆಯ ಕೈದಿಗಳು ತಂಡ ಕಟ್ಟಿಕೊಂಡು ಫುಟ್‌ಬಾಲ್ ಆಡಿದರು. ಶ್ರೇಷ್ಠ ಆಟಗಾರನಿಗೆ ತಮ್ಮದೇ 'ಬ್ರೌನ್‌ಲೋ ಪದಕ'ವನ್ನೂ ಕೊಟ್ಟರು. ಅದನ್ನೆಲ್ಲ ಏರ್ಪಡಿಸಿದವರಲ್ಲಿ ಸ್ಮಾಲ್‌ಹಾರ್ನ್ ಮುಂಚೂಣಿಯಲ್ಲಿದ್ದ.

ಸೋಲುವ ತಂಡದ ನಾಯಕ

ಕೆವಿನ್ ಮರ್ರೆ 1955ರಲ್ಲಿ ತಂಡ ಸೇರಿ, ನಡುವೆ ಎರಡು ವರ್ಷ ಬಿಟ್ಟರೆ 1974ರವರೆಗೆ ಆಡಿದ. ಫಿಟ್ಜ್‌ರಾಯ್ ಪರವಾಗಿ 333 ಪಂದ್ಯಗಳು. ಕ್ಲಬ್ಬಿನ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಒಂಬತ್ತು ಬಾರಿ. 1969ರಲ್ಲಿ ಬ್ರೌನ್‌ಲೋ ಪದಕ. ಆದರೂ ಫಿಟ್ಜ್‌ರಾಯ್ ಪರವಾಗಿ ಒಂದೇ ಒಂದು ಅಂತಿಮ ಪಂದ್ಯದಲ್ಲಿ ಆಡುವ ಭಾಗ್ಯ ಅವನಿಗಿರಲಿಲ್ಲ.

ಅವನ ಕಾಲದ ತಂಡದ ಸ್ಥಿತಿ ಹೇಗಿತ್ತು? 1963ರಲ್ಲಿ ಇಡೀ ವರ್ಷಕ್ಕೆ ಒಂದೇ ಗೆಲುವು. ಅದೂ ಆ ವರ್ಷ ಪಟ್ಟ ಗೆಲ್ಲಲಿದ್ದ ಜೀಲಾಂಗ್ ತಂಡದ ಮೇಲೆ! ಆ ದಿನ ನಾಯಕ ಮರ್ರೆ ರಾಜ್ಯ ತಂಡದ ಕರೆಯ ಮೇಲೆ ಬೇರೆಡೆ ಇದ್ದ ಎಂಬುದನ್ನು ಅಭಿಮಾನಿಗಳು ಈಗಲೂ ನಗುತ್ತ ಹೇಳುತ್ತಾರೆ. 1964ರಲ್ಲಿ ಆ ಒಂದು ಗೆಲುವೂ ಸಿಗಲಿಲ್ಲ. ಶನಿವಾರದ ಮೇಲೆ ಶನಿವಾರ ಸೋಲು ಖಚಿತವೆಂದು ಗೊತ್ತಿದ್ದೂ ಮೈದಾನಕ್ಕೆ ಇಳಿಯುವವನನ್ನು, ಅಷ್ಟೇ ಖಚಿತವಾಗಿ ನೋಡಲು ಬರುವ ಜನ ಮರೆಯುವುದುಂಟೆ? ಸೋಲನ್ನು ಅವನೊಡನೆ ಅವರೂ ಹಂಚಿಕೊಂಡಿದ್ದರು.

'ಸೂಪರ್‌ಬೂಟ್' ಮತ್ತು ಬುಗುರಿ

ಮುಂದಿನ ತಲೆಮಾರಿನ ವೀರ ಬರ್ನಿ ಕ್ವಿನ್ಲಾನ್. ಬಲು ದೂರ ಒದೆಯುತ್ತಿದ್ದ ಇವನಿಗೆ ಜನ ಇಟ್ಟ ಹೆಸರು 'ಸೂಪರ್‌ಬೂಟ್'. 1981ರ ಬ್ರೌನ್‌ಲೋ ಪದಕವನ್ನು ಇನ್ನೊಬ್ಬನೊಡನೆ ಹಂಚಿಕೊಂಡ. 1983ರಲ್ಲಿ 116 ಗೋಲು, 1984ರಲ್ಲಿ 105 ಗೋಲು ಹೊಡೆದ.

ಇವನ 'ಟಾರ್ಪೆಡೊ' ಒದೆತದಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೊಂದು ಪಾಠವಿದೆ. ಚೆಂಡನ್ನು ಕಾಲಿಗೆ ಸ್ವಲ್ಪ ಓರೆಯಾಗಿ ತಾಗಿಸಿದರೆ ಅದು ತನ್ನ ಉದ್ದನೆಯ ಅಕ್ಷದ ಸುತ್ತ ಗಿರಗಿರನೆ ತಿರುಗುತ್ತ ಸಾಗುತ್ತದೆ. ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುವುದೂ, ಬಂದೂಕಿನ ಗುಂಡು ಮೂತಿ ಮುಂದಾಗಿ ಹಾರುವುದೂ ಇದೇ ಕಾರಣದಿಂದ. ಚೂಪಾದ ತುದಿ ಮುಂದಿದ್ದಾಗ ಗಾಳಿಯ ತಡೆ ಕಡಿಮೆ, ಆದ್ದರಿಂದ ದೂರ ಹೆಚ್ಚು. ಆದರೆ ಕಾಲು ಕೂದಲೆಳೆಯಷ್ಟು ತಪ್ಪಿ ತಗುಲಿದರೂ ಚೆಂಡು ಓಲಾಡಿ ಅರ್ಧ ದಾರಿಯಲ್ಲೇ ಬೀಳುತ್ತದೆ.

ಕ್ವಿನ್ಲಾನ್ ಕಾಲದಲ್ಲೇ, 1979ರ ಜುಲೈ 28ರಂದು, ಫಿಟ್ಜ್‌ರಾಯ್ ತಂಡ ಮೆಲ್ಬರ್ನ್ ತಂಡದ ವಿರುದ್ಧ 36.22 ಅಂಕ ಗಳಿಸಿತು. ಎದುರಾಳಿಯದು 6.12. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: 238ಕ್ಕೆ 48, ಅಂತರ 190 ಅಂಕ. ಲೀಗ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅಂತರದ ಗೆಲುವು ಇಂದಿಗೂ ಇಲ್ಲ. ತಂಡವೇ ಹೋಗಿದೆ, ದಾಖಲೆ ಉಳಿದಿದೆ.

ಕೊನೆಯ ಪಂದ್ಯ

ಇಂಥ ತಂಡ ಅಳಿದದ್ದೇಕೆ? ಕಾರಣ ಮುಖ್ಯವಾಗಿ ಹಣ. 1966ರ ಬಳಿಕ ತನ್ನ ಬ್ರನ್ಸ್‌ವಿಕ್ ಸ್ಟ್ರೀಟ್ ಮೈದಾನ ಬಿಟ್ಟ ಕ್ಲಬ್, ಬಾಡಿಗೆ ಮನೆ ಬದಲಿಸುವ ಸಂಸಾರದಂತೆ ಮೈದಾನದಿಂದ ಮೈದಾನಕ್ಕೆ ಅಲೆಯಿತು. ಲೀಗ್ ರಾಷ್ಟ್ರಮಟ್ಟಕ್ಕೆ ಬೆಳೆದಂತೆ ಖರ್ಚೂ ಬೆಳೆಯಿತು. ಸಾಲ ಕೊಟ್ಟಿದ್ದ ನೌರು ದ್ವೀಪದ ವಿಮಾ ಸಂಸ್ಥೆ 1996ರ ಜೂನ್ ಕೊನೆಯಲ್ಲಿ ಆಡಳಿತಾಧಿಕಾರಿಯನ್ನು ನೇಮಿಸಿತು. ಜುಲೈ 4ರಂದು, ಫಿಟ್ಜ್‌ರಾಯ್ ತಂಡ ಬ್ರಿಸ್ಬೇನ್ ಬೇರ್ಸ್ ಜೊತೆ ವಿಲೀನವಾಗುವುದೆಂದು ತೀರ್ಮಾನವಾಯಿತು. ಪಾಲ್ ರೂಸ್ 269 ಪಂದ್ಯ ಆಡಿ 1995ರಲ್ಲೇ ಸಿಡ್ನಿ ತಂಡಕ್ಕೆ ಹೋಗಿದ್ದ. ಮುಂದೆ 2005ರಲ್ಲಿ ಅದೇ ಸಿಡ್ನಿಗೆ ತರಬೇತುದಾರನಾಗಿ ಪಟ್ಟ ಗೆಲ್ಲಿಸಿದ.

ಆಗಸ್ಟ್ 25ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ, ತನ್ನೂರಿನ ಕೊನೆಯ ಪಂದ್ಯದಲ್ಲಿ, ಫಿಟ್ಜ್‌ರಾಯ್ 151 ಅಂಕಗಳಿಂದ ಸೋತಿತು. ಸೆಪ್ಟೆಂಬರ್ 1ರಂದು ಪರ್ತ್ ನಗರದಲ್ಲಿ ಫ್ರೀಮಾಂಟಲ್ ವಿರುದ್ಧ ಕಟ್ಟಕಡೆಯ ಪಂದ್ಯ, ಅಲ್ಲೂ ಸೋಲು. ಆ ವರ್ಷ ಗೆದ್ದದ್ದು ಒಂದೇ ಪಂದ್ಯ.

ಅಂದಿನಿಂದ ಅಭಿಮಾನಿಗಳ ದಾರಿಗಳು ಕವಲೊಡೆದವು. ಕೆಲವರು ಹೊಸ ಬ್ರಿಸ್ಬೇನ್ ಲಯನ್ಸ್ ತಂಡವನ್ನು ತಮ್ಮದೆಂದುಕೊಂಡರು. ಅದು 2001, 2002, 2003ರಲ್ಲಿ ಸತತವಾಗಿ, ಮತ್ತೆ 2024 ಹಾಗೂ 2025ರಲ್ಲಿ ಪಟ್ಟ ಗೆದ್ದಿತು. ಕೆಲವರು ಬೇರೆ ತಂಡ ಹಿಡಿದರು. ಇನ್ನು ಕೆಲವರು ಪಂದ್ಯ ನೋಡುವುದನ್ನೇ ಬಿಟ್ಟರು. ಆದರೆ ಈ ಮೂರೂ ಬಗೆಯವರು ಕಲೆತಾಗ ಜಗಳವಿಲ್ಲದೆ ಮಾತಾಡಬಹುದಾದ ವಿಷಯ ಒಂದೇ, ಹಳೆಯ ಆಟಗಾರರು.

ನೆನಪೂ ಲೆಕ್ಕವೂ

ಮನುಷ್ಯ ಮುಪ್ಪಿನಲ್ಲಿ ಹಿಂದಿರುಗಿ ನೋಡಿದಾಗ ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನ ನಡುವಿನ ಘಟನೆಗಳೇ ಹೆಚ್ಚು ದಟ್ಟವಾಗಿ ನೆನಪಾಗುತ್ತವೆ ಎಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಪ್ರತಿ ತಲೆಮಾರಿಗೂ ತನ್ನ ಬಾಲ್ಯದ ಆಟಗಾರನೇ ದೊಡ್ಡವನೆನಿಸಲು ಇದೂ ಒಂದು ಕಾರಣ. ಹಾಗೆಂದು ನೆನಪನ್ನು ಪೂರ್ತಿ ನಂಬುವಂತಿಲ್ಲ. ಹೇಳುತ್ತ ಹೇಳುತ್ತ ಒದೆತ ಇನ್ನಷ್ಟು ದೂರ ಹೋಗುತ್ತದೆ! ಅದನ್ನು ತಿದ್ದಲು ಅಂಕಿಅಂಶ ಬೇಕು. ಆದರೆ ಅಂಕಿಅಂಶ ಮಾತ್ರ ಇದ್ದರೆ ಬಂಟನ್ ಮೂರು ಪದಕಗಳ ಒಂದು ಸಾಲು, ಮರ್ರೆ 333 ಎಂಬ ಒಂದು ಸಂಖ್ಯೆ. ಒಂದು ಇನ್ನೊಂದಕ್ಕೆ ಊರುಗೋಲು.

1931ರಲ್ಲಿ ಬಂಟನ್‌ನನ್ನು ಕಂಡ ಹತ್ತು ವರ್ಷದ ಹುಡುಗನಿಗೆ ಇಂದಿಗೆ ನೂರು ದಾಟಿರಬೇಕು. 1996ರ ಕೊನೆಯ ಪಂದ್ಯದ ದಿನ ಅಪ್ಪನ ಹೆಗಲೇರಿದ್ದ ಮಗು ಈಗ ತಾನೇ ಮಕ್ಕಳ ತಂದೆಯಾಗಿರಬಹುದು. ಕಂಡವರು ಕಾಣದವರಿಗೆ ಹೇಳದಿದ್ದರೆ ಈ ಸರಪಳಿ ಕಡಿದುಹೋಗುತ್ತದೆ.

ಅದು ಕಡಿದಿಲ್ಲ ಎಂಬುದಕ್ಕೆ ಸಾಕ್ಷಿ ಬ್ರನ್ಸ್‌ವಿಕ್ ಸ್ಟ್ರೀಟ್ ಮೈದಾನದಲ್ಲೇ ಇದೆ. ವಿಲೀನದ ನಂತರವೂ ಹಳೆಯ ಕ್ಲಬ್ಬನ್ನು ಕಾಗದದ ಮೇಲಾದರೂ ಉಳಿಸಿಕೊಂಡಿದ್ದ ಅಭಿಮಾನಿಗಳು, 2009ರಿಂದ ಹವ್ಯಾಸಿ ಲೀಗ್‌ನಲ್ಲಿ ಫಿಟ್ಜ್‌ರಾಯ್ ಹೆಸರಿನ ತಂಡವನ್ನು ಮತ್ತೆ ಆಡಿಸುತ್ತಿದ್ದಾರೆ. ಅಲ್ಲಿ ಕೋಟಿಗಟ್ಟಲೆ ಸಂಬಳವಿಲ್ಲ, ಟಿ.ವಿ. ಕ್ಯಾಮೆರಾಗಳ ಸಾಲಿಲ್ಲ. ಬಂಟನ್, ನಿಕೋಲ್ಸ್, ಮರ್ರೆ ಓಡಿದ ಹುಲ್ಲಿನ ಮೇಲೆ, ಅವರ ಹೆಸರು ಬಲ್ಲ ಹುಡುಗರು ಓಡುತ್ತಾರೆ.

ನಮ್ಮ ಮನೆಗಳಲ್ಲೂ ಅಜ್ಜ ಕಂಡ ಆಟಗಾರ, ಅಪ್ಪ ಮೆಚ್ಚಿದ ಆಟಗಾರ ಇದ್ದೇ ಇರುತ್ತಾರೆ. ಒಂದು ಭಾನುವಾರ ಮಕ್ಕಳು ಕೇಳಬೇಕು, ಹಿರಿಯರು ಹೇಳಬೇಕು. ಕೇಳಿದ್ದನ್ನು ಮಕ್ಕಳು ದಾಖಲೆಗಳ ಜೊತೆ ಹೋಲಿಸಿಯೂ ನೋಡಬೇಕು. ಎಷ್ಟು ಗೋಲು, ಎಷ್ಟು ರನ್ ಎಂಬುದು ಪುಸ್ತಕದಲ್ಲಿ ಸಿಗುತ್ತದೆ. ಯಾರು ಯಾರ ಪಕ್ಕದಲ್ಲಿ ಹೋಗಿ ಕುಳಿತರು ಎಂಬುದನ್ನು ಮಾತ್ರ ಮನುಷ್ಯರೇ ಹೇಳಬೇಕು.